ನುಗ್ಗುವವರು ಬೇಕಾಗಿದ್ದಾರೆ

ಬಹ್ರೈನಿನಲ್ಲಿ ಸೆಕೆಗಾಲ ಬಂತೆಂದರೆ ಮೈದಾನದ ಆಟಗಳೆಲ್ಲ ನಿಲ್ಲುತ್ತವೆ. ಆದರೆ ತಂಡದ ಮ್ಯಾನೇಜರ್ ಎನಿಸಿಕೊಂಡವನ ಫಜೀತಿಗಳಿಗೆ ರಜೆ ಎಂಬುದಿಲ್ಲ. ಅವು ಸೆಕೆಯಲ್ಲೇ ಚೆನ್ನಾಗಿ ಹಣ್ಣಾಗುತ್ತವೆ, ಖರ್ಜೂರದ ಹಾಗೆ.

ನಾನು ಆಟಗಾರನಲ್ಲ. ಏಸಿ ರಿಪೇರಿ ಮಾಡುವ ಕಂಪೆನಿಯೊಂದರ ಆಫೀಸಿನಲ್ಲಿ ಕೂತು ದುಡಿಯುವವ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿದ್ದ ಅಮೆರಿಕದ ಇಂಜಿನಿಯರ್ ಒಬ್ಬ ತನ್ನ ದೇಶದ ಫುಟ್‌ಬಾಲನ್ನು ನಮ್ಮವರಿಗೆ ಕಲಿಸಿದ. ಕೆಲಸ ಮುಗಿಸಿ ಊರಿಗೆ ಹೋಗುವಾಗ ಒಂದು ಚೀಲದ ತುಂಬ ಬೆಲ್ಟುಗಳನ್ನೂ ಮೊಟ್ಟೆಯಾಕಾರದ ಚೆಂಡುಗಳನ್ನೂ ಬಿಟ್ಟುಹೋದ. ಅಷ್ಟು ಒಳ್ಳೆಯ ಬೆಲ್ಟು ಸುಮ್ಮನೆ ಹಾಳಾಗಬಾರದೆಂದು ತಂಡ ಹುಟ್ಟಿತು. ಓಡಲು ಆಗದವನು ನಾನೊಬ್ಬನೇ ಆದ್ದರಿಂದ ಮ್ಯಾನೇಜರ್ ಆದೆ.

ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನಾವು ಆಡುವುದು ಅದರ ಸಾಧು ರೂಪ, ಯಾರನ್ನೂ ಹಿಡಿದು ಬೀಳಿಸುವಂತಿಲ್ಲ. ಪ್ರತಿಯೊಬ್ಬನ ಸೊಂಟದ ಬೆಲ್ಟಿನಿಂದ ಎರಡು ಬಟ್ಟೆಯ ಪಟ್ಟಿಗಳು ನೇತಾಡುತ್ತಿರುತ್ತವೆ. ಚೆಂಡು ಹಿಡಿದವನ ಪಟ್ಟಿ ಕಿತ್ತರೆ ಅಲ್ಲಿಗೆ ಖಲಾಸ್. ಎದುರು ತಂಡದ ಎಸೆಗಾರ ಹಿಂದೆ ನಿಂತು ತನ್ನವರಿಗೆ ಚೆಂಡು ಎಸೆಯುತ್ತಾನೆ. ಅವನು ಎಸೆಯುವ ಮೊದಲೇ ನಮ್ಮವನೊಬ್ಬ ನುಗ್ಗಿ ಪಟ್ಟಿ ಕೀಳಬೇಕು. ಈ ನುಗ್ಗುವವನೇ ತಂಡದ ಜೀವ. ನಮ್ಮ ನುಗ್ಗುವವ ಹೇಗಿದ್ದನೆಂದರೆ, ಅವನು ಹತ್ತಿರ ಬರುವಷ್ಟರಲ್ಲಿ ಒಬ್ಬ ಎಸೆಗಾರ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಎಸೆದಿದ್ದ.

ಕಳೆದ ಸೀಸನ್ನಿನಲ್ಲಿ ನಾವು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಲೀಗ್ ನಡೆಸುವ ಬಹ್ರೈನಿ ಹಿರಿಯರು ನನ್ನನ್ನು ಕರೆದು, ಅರಬಿ ಕಾಫಿ ಕೊಟ್ಟು, ಬಹಳ ಮರ್ಯಾದೆಯಿಂದ ವಿಷಯ ತಿಳಿಸಿದರು. ನಮ್ಮ ಜಾಗಕ್ಕೆ ಇನ್ನೊಂದು ತಂಡ ಕಾಯುತ್ತಿದೆಯಂತೆ. ಮುಂದಿನ ಸೀಸನ್ನಿನ ಮೊದಲ ಪಂದ್ಯವನ್ನೂ ಸೋತರೆ ಜಾಗ ಅವರಿಗೆ. ಹೀಗಾಗಿ ಆ ಸೆಕೆಗಾಲವಿಡೀ ನಾನು ನುಗ್ಗುವವನನ್ನು ಹುಡುಕಿದೆ.

ತರಕಾರಿ

ಮೊದಲು ನಮ್ಮ ಊರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ‘ಒಳ್ಳೆಯ ನುಗ್ಗುವವರು ತುರ್ತಾಗಿ ಬೇಕಾಗಿದ್ದಾರೆ’ ಎಂದು ಬರೆಯಹೊರಟದ್ದು. ಅರ್ಧ ಟೈಪ್ ಮಾಡುವಷ್ಟರಲ್ಲಿ ಫೋನು ತನ್ನ ಬುದ್ಧಿ ಉಪಯೋಗಿಸಿ ಆ ಪದವನ್ನು ತಿದ್ದಿ, ಉಳಿದ ವಾಕ್ಯವನ್ನೂ ತಾನೇ ತುಂಬಿತು. ಕನ್ನಡಕ ಹಾಕದ ನಾನು ನೋಡದೆ ಕಳಿಸಿಬಿಟ್ಟೆ. ಹೋದದ್ದು, ‘ಒಳ್ಳೆಯ ನುಗ್ಗೆ ತುರ್ತಾಗಿ ಬೇಕಾಗಿದೆ.’

ನಮ್ಮ ಊರಿನವರು ಕಷ್ಟಕ್ಕೆ ಆಗುವವರು. ಸಂಜೆಯೊಳಗೆ ವಿಲ್ಲಾದ ಹಿತ್ತಿಲಲ್ಲಿ ಮರ ಇದ್ದವರೊಬ್ಬರು ಒಂದು ಕಟ್ಟು ನುಗ್ಗೆಕಾಯಿ ತಂದರು. ಮರುದಿನ ಇನ್ನಿಬ್ಬರು ಬಂದರು. ಒಬ್ಬರು ಸೊಪ್ಪನ್ನೂ ತಂದಿದ್ದರು. ಇಷ್ಟು ತುರ್ತು ಎಂದರೆ ಔಷಧಿಗೇ ಇರಬೇಕೆಂದು ಅವರಿಗೆ ಅನಿಸಿತಂತೆ. ಯಾರಿಗೆ ಕಾಯಿಲೆ ಎಂದು ಮೆಲ್ಲನೆ ಕೇಳಿದರು. ನಮ್ಮ ತಂಡಕ್ಕೆ ಎಂದೆ.

ಎಷ್ಟೋ ದಿನ ಮನೆಯಲ್ಲಿ ನುಗ್ಗೆಯದೇ ಸಾಂಬಾರು, ನುಗ್ಗೆಯದೇ ಪಲ್ಯ. ಬೇಸರದಿಂದ ಆ ಮೆಸೇಜನ್ನು ಅಳಿಸಲು ಹೊರಟಾಗ ಹೆಂಡತಿ ತಡೆದಳು.

“ಅಳಿಸಬೇಡಿ. ಕೆಳಗೆ ಇನ್ನೊಂದು ಸಾಲು ಸೇರಿಸಿ, ಮಂಗಳೂರು ಸೌತೆಯೂ ಬೇಕು ಅಂತ.”

ಚಿಂದಿ

ಬಾಯಿಮಾತಿನಲ್ಲಿ ಹುಡುಕುವುದೇ ವಾಸಿ ಎಂದು ತಿಳಿಯಿತು. ಹೂರಾ ಬಡಾವಣೆಯಲ್ಲಿ ಡ್ರೈವರ್ ಆಗಿದ್ದ ಒಬ್ಬರ ಸುದ್ದಿ ಸಿಕ್ಕಿತು. ಬಂಟ್ವಾಳ ಕಡೆಯವರು. ಊರಲ್ಲಿ ಕಬಡ್ಡಿ ಆಡಿ ಕಪ್ ಗೆದ್ದವರು. ಅವರ ತೋಳು ನೋಡಿಯೇ ನನಗೆ ಅರ್ಧ ಪಂದ್ಯ ಗೆದ್ದಂತಾಯಿತು.

ನಾನಿರುವ ಗುಫೂಲಿನಲ್ಲಿ ಏಸಿ ಇರುವ ಒಂದು ಆಟದ ಹಾಲನ್ನು ಅಭ್ಯಾಸಕ್ಕೆ ಹಿಡಿದಿದ್ದೆವು. ನಮ್ಮ ಕ್ಯಾಪ್ಟನ್ ಚೆಂಡು ಹಿಡಿದು ಎಸೆಗಾರನ ಹಾಗೆ ನಿಂತರು. ಅವರನ್ನು ಬಿಡಬಾರದು, ಎಸೆಯುವ ಮೊದಲೇ ಹೋಗಿ ಎಂದು ನಾನು ಡ್ರೈವರಿಗೆ ಹೇಳಿದೆ. ಅವರು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಉಸಿರು ಕಟ್ಟಿ, ಬಾಯಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಹೋದರು. ಕ್ಯಾಪ್ಟನ್ನಿನ ತೊಡೆಗೆ ಕೈಹಾಕಿ, ಅಕ್ಕಿಮುಡಿ ಎತ್ತಿದ ಹಾಗೆ ಎತ್ತಿ, ನಾವು ನಿಂತಿದ್ದ ಕಡೆಗೆ ಹೊತ್ತು ತಂದು ನನ್ನ ಕಾಲಬುಡದಲ್ಲಿ ಇಳಿಸಿದರು. ಕ್ಯಾಪ್ಟನ್ನಿನ ಕೈಯಲ್ಲಿ ಚೆಂಡು ಹಾಗೆಯೇ ಇತ್ತು. ಸೊಂಟದಲ್ಲಿ ಎರಡು ಪಟ್ಟಿಗಳೂ ಹಾಗೆಯೇ ಇದ್ದವು.

ಮೈ ಮುಟ್ಟಬಾರದು, ಬರೀ ಪಟ್ಟಿ ಕಿತ್ತುಕೊಂಡು ಬರಬೇಕು ಎಂದು ನಾನು ಸಮಾಧಾನದಿಂದ ವಿವರಿಸಿದೆ. ಅವರು ಪಟ್ಟಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಎಂತ ಮಾರಾಯ್ರೆ, ಜನವನ್ನೇ ತಂದುಕೊಟ್ಟ ಮೇಲೆ ಈ ಚಿಂದಿ ಯಾಕೆ ನಿಮಗೆ?”

ಗಿರಾಕಿ

ಕ್ಯಾಪ್ಟನ್ನಿಗೆ ಸೊಂಟನೋವು ಹಿಡಿಯಿತು. ನೋವಿನ ಎಣ್ಣೆ ತರಲು ಹೂರಾದ ಒಂದು ಕೋಲ್ಡ್ ಸ್ಟೋರಿಗೆ ಹೋದೆ. ಹೆಸರು ಕೇಳಿ ಐಸು ಮಾರುವ ಅಂಗಡಿ ಎಂದುಕೊಳ್ಳಬೇಡಿ. ಇಲ್ಲಿ ಬೀದಿಬದಿಯ ಸಣ್ಣ ದಿನಸಿ ಅಂಗಡಿಗೆ ಹಾಗೆನ್ನುತ್ತಾರೆ. ಉಳ್ಳಾಲ ಕಡೆಯ ಬ್ಯಾರಿ ಯಜಮಾನರ ಅಂಗಡಿ ಅದು. ನಾನು ಎಣ್ಣೆ ಎನ್ನುವುದರೊಳಗೆ ಅವರು ಎರಡು ರ‍್ಯಾಕುಗಳ ನಡುವೆ ಹಾವಿನ ಹಾಗೆ ನುಸುಳಿ, ಶೀಶೆ ತಂದು ಮುಂದಿಟ್ಟಾಗಿತ್ತು. ಆ ಚುರುಕು ಕಂಡು ನಾನು ಅಲ್ಲೇ ಆಹ್ವಾನ ಕೊಟ್ಟೆ. ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದಾರೆಂದು ಅವರೂ ಒಪ್ಪಿದರು.

ಹಾಲಿನಲ್ಲಿ ಅವರ ಓಟ ನೋಡಬೇಕಿತ್ತು. ಎಸೆಗಾರನಾಗಿ ನಿಂತ ನಮ್ಮ ಸ್ಟೋರ್‌ಕೀಪರ್ ಕಣ್ಣು ಮಿಟುಕಿಸುವುದರೊಳಗೆ ಹೋಗಿ ಪಟ್ಟಿ ಎಳೆದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ನೋಡಿದರೆ, ‘ಸಾರಿ ಭಾಯ್’ ಎನ್ನುತ್ತ ಪಟ್ಟಿಯ ಧೂಳು ಕೊಡವಿ, ಬಗ್ಗಿ, ಅದನ್ನು ಮತ್ತೆ ಅವನ ಬೆಲ್ಟಿಗೆ ಸಿಕ್ಕಿಸುತ್ತಿದ್ದಾರೆ. ಸಿಕ್ಕಿಸಿದ್ದು ಸರಿಯಾಯಿತೋ ಎಂದು ಒಮ್ಮೆ ಎಳೆದೂ ನೋಡಿದರು. ರೆಫರಿಯಾಗಿ ನಿಂತಿದ್ದ ನಮ್ಮವನೊಬ್ಬ, ಪಟ್ಟಿ ಬೆಲ್ಟಿನಲ್ಲೇ ಇದೆಯಲ್ಲ, ಆಟ ಮುಂದುವರಿಯಲಿ ಎಂದ. ಸ್ಟೋರ್‌ಕೀಪರ್ ನೆಮ್ಮದಿಯಿಂದ ಚೆಂಡು ಎಸೆದ.

ಕಿತ್ತದ್ದನ್ನು ವಾಪಸು ಕೊಡುವ ಪದ್ಧತಿ ಇಲ್ಲ ಎಂದು ನಾನು ಹೇಳಿದಾಗ ಅವರಿಗೆ ನಿಜವಾಗಿ ಸಂಕಟವಾಯಿತು.

“ಅವರು ನನ್ನ ಗಿರಾಕಿ ಸಾರ್. ನಾಳೆ ಬೆಳಿಗ್ಗೆ ಖುಬೂಸ್ ರೊಟ್ಟಿಗೆ ನನ್ನ ಅಂಗಡಿಗೇ ಬರಬೇಕಲ್ಲ.”

ಹಾಗಾದರೆ ಗಿರಾಕಿ ಅಲ್ಲದವರದ್ದು ಕೀಳಬಹುದಲ್ಲ ಎಂದೆ. ಅವರು ಎಲ್ಲ ತಂಡಗಳ ಆಟಗಾರರನ್ನೂ ಒಂದೊಂದಾಗಿ ನೆನೆಸಿಕೊಂಡು, ಕೊನೆಗೆ ಒಬ್ಬರ ಹೆಸರು ಹೇಳಿದರು. ಹೂರಾದಲ್ಲಿ ಅವರ ಅಂಗಡಿಗೆ ಕಾಲಿಡದ ಏಕೈಕ ಮನುಷ್ಯ ನಮ್ಮ ಕ್ಯಾಪ್ಟನ್.

ಸ್ಫೋಟ

ನಂತರ ಸಿಕ್ಕಿದವರು ಬೆಂಗಳೂರಿನ ಒಬ್ಬ ಕಂಪ್ಯೂಟರ್ ಇಂಜಿನಿಯರ್. ಈ ಆಟದ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದ್ದರು. ಲ್ಯಾಪ್‌ಟಾಪ್ ಹಿಡಿದು ಬಂದು ಹಾಲಿನ ಗೋಡೆಯ ಮೇಲೆ ಚಿತ್ರ ತೋರಿಸಿ ನಮಗೆಲ್ಲ ಪಾಠ ಮಾಡಿದರು. “ನೋಡಿ ಸರ್, ಬೇಸಿಕಲಿ ಎಲ್ಲಾ ಫಸ್ಟ್ ಸ್ಟೆಪ್ಪಲ್ಲೇ ಇರೋದು. ಅದೊಂದು ಎಕ್ಸ್‌ಪ್ಲೋಶನ್ ಥರ ಆಗ್ಬೇಕು,” ಎಂದರು. ನಮ್ಮ ಹಳೆಯ ನುಗ್ಗುವವ ಮೊದಲ ಸಲ ತನ್ನ ತಪ್ಪು ತಿಳಿದವನಂತೆ ತಲೆದೂಗಿದ.

ಪಾಠದ ನಂತರ ಇಂಜಿನಿಯರ್ ಬಹಳ ಹೊತ್ತು ಮೈಕೈ ಎಳೆದು ಬಗ್ಗಿಸಿ ಸಿದ್ಧರಾದರು. ಸೀಟಿ ಊದಿದೆ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಮೊದಲ ಹೆಜ್ಜೆಯಲ್ಲೇ ಸ್ಫೋಟವಾಯಿತು, ಎಡಗಾಲಿನ ಮೀನಖಂಡದಲ್ಲಿ.

ನೆಲದ ಮೇಲೆ ಬಿದ್ದವರನ್ನು ನಾವು ಎತ್ತಲು ಹೋದಾಗಲೂ ಅವರು ನೋವು ನುಂಗಿ ಕೇಳಿದ್ದು ಒಂದೇ ಮಾತು, “ಯಾರಾದ್ರೂ ವಿಡಿಯೋ ಮಾಡಿದ್ರಾ ಸರ್? ಟೆಕ್ನಿಕ್ ಕರೆಕ್ಟಾಗಿತ್ತು ಅಲ್ವಾ?”

ಆಸ್ಪತ್ರೆಯ ಕಾರಿಡಾರ್

ಅವರನ್ನು ಸಲ್ಮಾನಿಯಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರ ಕಾಲನ್ನು ಒಳಗೆ ನೋಡುತ್ತಿದ್ದರು, ನಾನು ಹೊರಗೆ ಕಾರಿಡಾರಿನಲ್ಲಿ ಕೂತಿದ್ದೆ. ಮನಸ್ಸು ಕುಸಿದಿತ್ತು. ಬೆಲ್ಟಿನ ಚೀಲವನ್ನು ಬೇರೆಯವರ ಕೈಗೆ ಕೊಡುವ ದೃಶ್ಯವೇ ಕಣ್ಣೆದುರು ಬರುತ್ತಿತ್ತು.

ಅಷ್ಟರಲ್ಲಿ ಇಂಜೆಕ್ಷನ್ನಿಗೆ ಹೆದರಿದ ಒಂದು ದಢೂತಿ ಮಗು ಬಾಗಿಲಿನಿಂದ ಹಾರಿಬಂದು ಕಾರಿಡಾರಿನುದ್ದಕ್ಕೂ ಓಡಿತು. ಅಪ್ಪ ಹಿಂದೆ, ಅಜ್ಜಿ ಅವನ ಹಿಂದೆ. ಯಾರಿಗೂ ಸಿಗಲಿಲ್ಲ. ಆಗ ಮಕ್ಕಳ ವಾರ್ಡಿನ ನರ್ಸ್ ಒಬ್ಬರು ಹೊರಗೆ ಬಂದರು. ಗುಫೂಲಿನಲ್ಲಿ ನಮ್ಮದೇ ಕಟ್ಟಡದಲ್ಲಿರುವ, ಕುಂದಾಪುರ ಕಡೆಯ ಕೊಂಕಣಿ ಹೆಂಗಸು. ಲಿಫ್ಟಿನಲ್ಲಿ ಸಿಕ್ಕಿದಾಗ ನಗುವಷ್ಟೇ ಪರಿಚಯ. ಅವರು ಮಗುವಿನ ಕಡೆ ನೋಡಲೇ ಇಲ್ಲ. ಬೇರೆ ಏನೋ ಹುಡುಕುವವರಂತೆ ಗೋಡೆಬದಿಗೆ ನಾಲ್ಕು ಹೆಜ್ಜೆ ಹಾಕಿದರು. ಮಗು ಅಪ್ಪನಿಂದ ತಪ್ಪಿಸಿಕೊಂಡು ತಿರುಗಿದ್ದು ನೇರ ಅವರ ಕೈಯೊಳಗೆ. ಅದು ಬಾಯಿ ತೆರೆಯುವಷ್ಟರಲ್ಲಿ ಇಂಜೆಕ್ಷನ್ ಕೊಟ್ಟಾಗಿತ್ತು.

ನಾನು ಎದ್ದುನಿಂತೆ. ಅವರು ಕೈ ತೊಳೆದು ಬರುವವರೆಗೆ ಕಾದು ಎಲ್ಲ ಹೇಳಿದೆ. ಲೀಗಿನಲ್ಲಿ ಹೆಂಗಸರೂ ಆಡಬಹುದು, ನಮ್ಮ ತಂಡ ಮುಳುಗುತ್ತಾ ಇದೆ, ನೀವೇ ಕಾಪಾಡಬೇಕು ಸಿಸ್ಟರ್ ಎಂದೆ. ಅವರು ಡ್ಯೂಟಿಯ ಲೆಕ್ಕ ಹಾಕಿದರು, ನನ್ನ ಮುಖ ನೋಡಿದರು.

“ಅಣ್ಣ, ಒಂದು ಕೇಳ್ತೇನೆ. ಹಿಡಿಯುವಾಗ ಅವರು ಕಚ್ಚುವುದುಂಟಾ?”

ಇಲ್ಲ, ಕಚ್ಚುವುದು ನಿಯಮಕ್ಕೆ ವಿರುದ್ಧ ಎಂದೆ.

“ಹಾಗಾದ್ರೆ ಸುಲಭ. ಬರ್ತೇನೆ.”

ಮೊದಲ ಪಂದ್ಯ

ಸೆಕೆ ಇಳಿಯಿತು, ಸೀಸನ್ ಶುರುವಾಯಿತು. ನಮ್ಮ ಮೊದಲ ಪಂದ್ಯ ಕಳೆದ ಸಲದ ಚಾಂಪಿಯನ್ನರ ಮೇಲೆ. ಅವರ ಎಸೆಗಾರ ಜಿಮ್ಮಿನಲ್ಲಿ ತರಬೇತಿ ಕೊಡುವ ಒಬ್ಬ ಪಂಜಾಬಿ, ಬಾಗಿಲಿನಲ್ಲಿ ನಿಂತರೆ ಬೆಳಕು ಬಾರದಂಥ ಆಳು. ಸಿಸ್ಟರ್ ಅವನ ಎದೆಯ ಎತ್ತರಕ್ಕೂ ಬರುತ್ತಿರಲಿಲ್ಲ. ಲೀಗಿನ ಹಿರಿಯರು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲೇ ನಮ್ಮ ಜಾಗಕ್ಕೆ ಕಾಯುತ್ತಿದ್ದ ತಂಡದವರು ಜೆರ್ಸಿ ಹಾಕಿಕೊಂಡೇ ಬಂದು ಕೂತಿದ್ದರು.

ಆಟ ಶುರುವಾಯಿತು. ಸಿಸ್ಟರ್ ಓಡಿದರು ಎನ್ನುವುದಕ್ಕಿಂತ ರೌಂಡ್ಸಿಗೆ ಹೊರಟರು ಎನ್ನುವುದು ಸರಿ. ಮುಖದಲ್ಲಿ ನಗು, ಒಂದು ಕೈ ಬೆನ್ನ ಹಿಂದೆ. ಹತ್ತಿರ ಹೋಗಿ ಹಿಂದಿಯಲ್ಲಿ ಮೆಲ್ಲಗೆ, ಏನೂ ಆಗುವುದಿಲ್ಲ, ಉಸಿರು ಒಳಗೆ ಎಳೆದುಕೊಳ್ಳಿ, ಆ ಕಡೆ ನೋಡಿ ಎಂದರು. ಅಷ್ಟು ದೊಡ್ಡ ಆಳು ಉಸಿರೆಳೆದುಕೊಂಡು ಆ ಕಡೆ ನೋಡಿದ. ಪಟ್ಟಿ ಸಿಸ್ಟರ ಕೈಯಲ್ಲಿತ್ತು. ಮುಗಿಯಿತು, ನೋವಾಯಿತಾ ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ.

ಎರಡನೇ ಸಲ ಅವನು ಹುಷಾರಾಗಿರುತ್ತಾನೆ ಎಂದುಕೊಂಡೆವು. ಆಗಲೂ ಆ ಕಡೆಯೇ ನೋಡಿದ. ಮತ್ತೊಂದು ಸಲ, ಇವರು ಹೇಳುವ ಮೊದಲೇ ಕಣ್ಣು ಮುಚ್ಚಿಕೊಂಡ. ಅವನ ತಂಡದವರು ತಲೆ ಚಚ್ಚಿಕೊಂಡರು. ಕುರ್ಚಿಯಲ್ಲಿದ್ದ ಹಿರಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಆಟ ಮುಗಿಯುತ್ತ ಬಂದಾಗ ನಾವು ಒಂದು ಪಾಯಿಂಟ್ ಮುಂದೆ. ಅವರಿಗೆ ಉಳಿದದ್ದು ಕೊನೆಯ ಒಂದೇ ಎಸೆತ. ಅವನು ಚೆಂಡು ಎತ್ತಿದ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಸಿಸ್ಟರ ಕೈಯಲ್ಲಿ ಪಟ್ಟಿ, ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಹಳೆಯ ನುಗ್ಗುವವ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ. ಹಿರಿಯರು ಬಂದು ನನ್ನ ಕೈ ಕುಲುಕಿ ಮಬ್ರೂಕ್ ಎಂದು ಅಭಿನಂದಿಸಿದರು. ನಮ್ಮ ಜಾಗ ನಮಗೇ ಉಳಿಯಿತು.

ಮೈದಾನ ಖಾಲಿಯಾಗುವ ಹೊತ್ತಿಗೆ ನೋಡಿದರೆ ಪಂಜಾಬಿ ಎಸೆಗಾರ ಅದೇ ಜಾಗದಲ್ಲಿ ನಿಂತಿದ್ದಾನೆ. ಒಂದು ಕೈಯಿಂದ ಸೊಂಟವನ್ನು ಬಲವಾಗಿ ಒತ್ತಿ ಹಿಡಿದಿದ್ದಾನೆ. ರೆಫರಿ ಗಾಬರಿಯಿಂದ ಓಡಿಹೋಗಿ, ಪೆಟ್ಟಾಯಿತಾ, ಆಂಬುಲೆನ್ಸ್ ಕರೆಯಲಾ ಎಂದು ಕೇಳಿದ.

ಅವನು ಕೈ ತೆಗೆಯದೆ ಹೇಳಿದ, “ಪೆಟ್ಟೇನೂ ಇಲ್ಲ. ಸಿಸ್ಟರ್ ಎರಡು ನಿಮಿಷ ಒತ್ತಿ ಹಿಡಿದುಕೊಳ್ಳಲು ಹೇಳಿದ್ದಾರೆ. ಇನ್ನೂ ಆಗಿಲ್ಲ.”