ತ್ವರಿತಗೊಳಿಸತಕ್ಕದ್ದು

ಸರಕಾರಿ ನೌಕರಿ ಮನುಷ್ಯನನ್ನು ಮೊದಲು ಹಿಡಿಯುವುದು ನಾಲಿಗೆಯಲ್ಲಿ ಎಂದು ನನ್ನ ನಂಬಿಕೆ. ಕನ್ನಡಕ, ಬೊಜ್ಜು, ಸೊಂಟನೋವು ಎಲ್ಲ ಆಮೇಲೆ ನಿಧಾನವಾಗಿ ಬರುತ್ತವೆ. ನಾನು ಧಾರವಾಡದಲ್ಲಿ ರಸ್ತೆ, ಸೇತುವೆಗಳ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುವುದು. ನಾಡು ಒಂದಾಗಿ ಹೆಚ್ಚು ಕಾಲವಾಗಿರಲಿಲ್ಲ. ಇಂಗ್ಲಿಷಿನ ಪತ್ರವ್ಯವಹಾರವನ್ನೆಲ್ಲ ಕನ್ನಡಕ್ಕೆ ತರಬೇಕೆಂಬ ಹುರುಪು ನಮ್ಮ ಸೂಪರಿಂಟೆಂಡೆಂಟ್ ಕಾಂಬಳೆಯವರಿಗೆ. ಅವರ ಮನೆತನದಲ್ಲಿ ಮೊದಲು ಕಾಲೇಜು ಕಂಡವರು ಅವರೇ. ಅಕ್ಷರವನ್ನು ಅವರು ಮುಟ್ಟುತ್ತಿದ್ದ ರೀತಿಯಲ್ಲೇ ಒಂದು ಮರ್ಯಾದೆ ಇತ್ತು. ‘ಎಕ್ಸ್‌ಪಿಡೈಟ್’ ಎಂಬ ಮಾತಿಲ್ಲದೆ ಒಂದು ಇಂಗ್ಲಿಷ್ ಪತ್ರವೂ ನಮ್ಮ ಕಚೇರಿಯ ಬಾಗಿಲು ದಾಟುತ್ತಿರಲಿಲ್ಲ. ಅದರ ಬದಲಿಗೆ ‘ತ್ವರಿತಗೊಳಿಸು’ ಎಂದು ಬರೆಯತಕ್ಕದ್ದೆಂದು ಅವರೇ ಗೊತ್ತುಮಾಡಿದರು.

ನನಗೆ ಆ ಪದ ಕೇಳಿದ ಕೂಡಲೇ ಮೈ ಜುಮ್ಮೆಂದಿತು. ಎಂಥ ಠೀವಿ, ಎಂಥ ಉದ್ದ. ಮೊದಲ ಕರಡಿನಲ್ಲೇ ಅದನ್ನು ಪ್ರಯೋಗಿಸಿ, ‘ಸದರಿ ಸೇತುವೆಯ ಬಗ್ಗೆ ಇಂಜಿನಿಯರರನ್ನು ಶೀಘ್ರವಾಗಿ ತ್ವರಿತಗೊಳಿಸಲ್ಪಡತಕ್ಕದ್ದು’ ಎಂದು ಬರೆದು ಅವರ ಮುಂದಿಟ್ಟೆ. ಕಾಂಬಳೆಯವರು ಅದನ್ನು ಬಹಳ ಹೊತ್ತು ನೋಡಿದರು.

“ಇಂಜಿನಿಯರನ್ನ ಹ್ಯಾಂಗ ತ್ವರಿತಗೊಳಸ್ತೀರಿ? ಹಿಂದಿನಿಂದ ನೂಕತೀರೇನು?” ಎಂದರು. “ಕೆಲಸಾ ತ್ವರಿತಗೊಳಸ್ರಿ, ಮನುಷ್ಯಾನ್ನಲ್ಲ. ಮತ್ತ ಈ ‘ಶೀಘ್ರವಾಗಿ’ ಯಾಕ? ತ್ವರಿತ ಅಂದ್ರನ ಅದಲ್ಲೇನು? ಇನ್ನ, ಮಾಡಾವ್ರು ಯಾರಂತ ಎಲ್ಲೂ ಹೇಳಿಲ್ಲ. ನಿಮ್ಮ ವಾಕ್ಯದಾಗ ಸೇತುವಿ ತಾನ ಎದ್ದು ನಿಲ್ಲಬೇಕು.”

ಅಂದಿನಿಂದ ನಾನು ಪಳಗಿದೆ. ‘ಗುತ್ತಿಗೆದಾರರು ಸೇತುವೆಯ ಕಾಮಗಾರಿಯನ್ನು ತ್ವರಿತಗೊಳಿಸಬೇಕು.’ ನೋಡಿ, ಕರ್ತೃ, ಕರ್ಮ, ಕ್ರಿಯಾಪದ ಮೂರೂ ತಮ್ಮ ತಮ್ಮ ಕುರ್ಚಿಯಲ್ಲಿ. ಸೇತುವೆ ಮಾತ್ರ ಇದ್ದಲ್ಲೇ ಇತ್ತು. ಆದರೆ ಅದು ವ್ಯಾಕರಣದ ತಪ್ಪಲ್ಲ. ಪದ ಕೈವಶವಾದ ಮೇಲೆ ಅದನ್ನು ಕಚೇರಿಯಲ್ಲೇ ಬಿಟ್ಟು ಬರುವುದು ಕಷ್ಟ. ಒಂದು ಸಂಜೆ ಹೆಂಡತಿ ಶಾರದೆಗೆ, “ಚಹಾದ ತಯಾರಿಯನ್ನು ತ್ವರಿತಗೊಳಿಸಬೇಕು” ಎಂದೆ. ಅವಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. “ಇದಕ್ಕ ಕರ್ತೃ ಯಾರ್ರಿ?” ಎಂದು ಕೇಳಿ, ಒಲೆಯ ಮುಂದಿನ ಮಣೆಯನ್ನು ನನ್ನ ಕಡೆ ಸರಿಸಿದಳು.

ಅದೇ ಶಾರದೆ ಚೊಚ್ಚಲ ಹೆರಿಗೆಗೆ ಊರ ಅಂಚಿನ ಬೆಂಗೇರಿಯ ತವರಿಗೆ ಹೋದಳು. ಒಂದು ರವಿವಾರ ಮುಂಜಾನೆ ನಾನು ಅವಳನ್ನು ನೋಡಲು ಹೋದಾಗ ಆಗಲೇ ಬೇನೆ ಶುರುವಾಗಿತ್ತು. ಮಾವನವರು ಹತ್ತಿಯ ವ್ಯಾಪಾರಕ್ಕೆಂದು ಗದಗಿಗೆ ಹೋಗಿದ್ದರು. ಅತ್ತೆಯವರು ನನ್ನನ್ನು ಟಾಂಗಾ ತರಲು ಅಟ್ಟಿದರು. ಶಾರದೆಯನ್ನು ಹತ್ತಿಸಿ, ಅತ್ತೆಯವರನ್ನು ಪಕ್ಕದಲ್ಲಿ ಕೂಡಿಸಿ, ನಾನು ಮುಂದೆ ಟಾಂಗಾದ ಹುಸೇನಸಾಬರ ಬಳಿ ಕುಳಿತೆ. ಹಿಂದಿನಿಂದ ಒಂದು ನರಳಿಕೆ ಕೇಳಿತು. ನನ್ನ ಬಾಯಿಂದ ಬಂದದ್ದು ಇದು: “ತಾವು ಪ್ರಯಾಣವನ್ನು ತ್ವರಿತಗೊಳಿಸಬೇಕು.”

“ಏನಂದ್ರಿ ಸಾಹೇಬ್ರ?” ಎಂದರು ಹುಸೇನಸಾಬರು.

“ಮೆಲ್ಲಕ ಹೊಡೀರಿ ಕಾಕಾ,” ಎಂದಳು ಹಿಂದಿನಿಂದ ಶಾರದೆ, ಹಲ್ಲು ಕಚ್ಚಿಕೊಂಡೇ. “ರಸ್ತಾ ಭಾಳ ಕೆಟ್ಟೈತಿ. ಅವರ ಮಾತು ಮನಸಿಗೆ ಹಚ್ಕೋಬ್ಯಾಡ್ರಿ.”

ಆ ರಸ್ತೆಯ ದುರಸ್ತಿಯ ಕಾಗದ ನಮ್ಮ ಕಚೇರಿಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ಶಾರದೆಯನ್ನು ಒಳಗೆ ಕರೆದುಕೊಂಡರು. ಅತ್ತೆಯವರೂ ಒಳಗೆ ಹೋದರು. ಹೊರಗಿನ ಕಲ್ಲುಬೆಂಚಿನ ಮೇಲೆ ನಾನೊಬ್ಬನೇ. ಬಿಸಿಲು ಏರಿತು. ಒಳಗಿನ ದನಿ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನನ್ನ ಜೊತೆ ಜಗಳವಾಡುವಾಗ, ಹಾಡುವಾಗ, ಪಕ್ಕದ ಮನೆಯವರನ್ನು ಕರೆಯುವಾಗ ಅವಳ ದನಿ ಕೇಳಿದ್ದೆ. ಇದು ಅದಾವುದೂ ಅಲ್ಲ. ನೆಲದೊಳಗಿನಿಂದ ಭಾರವಾದದ್ದೇನನ್ನೋ ಒಬ್ಬಳೇ ಮೇಲಕ್ಕೆ ಎತ್ತುತ್ತಿದ್ದಾಳೆ ಎನ್ನಿಸುವ ದನಿ. ಬಿಸಿಲು ಇಳಿಯತೊಡಗಿದರೂ ಮುಗಿಯಲಿಲ್ಲ. ಡಾಕ್ಟರಬಾಯಿ ಒಮ್ಮೆ ಹೊರಗೆ ಬಂದು, “ಕೂಸು ಸ್ವಲ್ಪ ಅಡ್ಡ ತಿರುಗೇತಿ. ತಡಾ ಆಗತೈತಿ” ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ನಾನು ಎದ್ದು ನಿಂತು ಕೈ ಜೋಡಿಸಿದೆ. “ಡಾಕ್ಟರಬಾಯಾರ, ದಯಮಾಡಿ ತ್ವರಿತಗೊಳಸ್ರಿ.”

“ಏನನ್ನ?” ಎಂದರು ಅವರು.

ಕರ್ಮಪದಕ್ಕಾಗಿ ಅಲ್ಲಿ ಇಲ್ಲಿ ನೋಡಿದೆ. ಸೇತುವೆಯಲ್ಲ, ಕಾಮಗಾರಿಯಲ್ಲ, ಕಡತವಲ್ಲ. ಇನ್ನೂ ಹೆಸರಿಲ್ಲದ ಒಂದು ಜೀವ, ಅದನ್ನು ಹೊತ್ತ ಇನ್ನೊಂದು ಜೀವ. ಅವೆರಡನ್ನೂ ದ್ವಿತೀಯಾ ವಿಭಕ್ತಿಯಲ್ಲಿ ಕೂಡಿಸಿ ಮುಂದೆ ನೂಕುವ ಧೈರ್ಯ ನನಗೆ ಬರಲಿಲ್ಲ.

ಅವರ ದನಿ ಮೆತ್ತಗಾಯಿತು. “ನೋಡ್ರಿ, ಆಕಿ ತನ್ನ ಕೆಲಸಾ ಮಾಡಾಕತ್ತಾಳ. ಕೂಸು ತನ್ನ ಕೆಲಸಾ ಮಾಡಾಕತ್ತೈತಿ. ನಾ ಇಬ್ಬರನ್ನೂ ನೋಡಾಕತ್ತೇನಿ. ನೀವು ಕುಂದರ್ರಿ.”

ಕುಳಿತೆ. ಅಷ್ಟು ಹೊತ್ತು ಅಷ್ಟು ಸುಮ್ಮನೆ ನಾನು ಹಿಂದೆಂದೂ ಕುಳಿತಿರಲಿಲ್ಲ. ಅಂಗಳದ ಬೇವಿನ ಮರದ ನೆರಳು ಗೋಡೆಯ ಮೇಲೆ ಸರಿಯುವುದನ್ನು ನೋಡುತ್ತಿದ್ದೆ. ಯಾರ ಆದೇಶವೂ ಇಲ್ಲದೆ ಅದು ಸರಿಯುತ್ತಿತ್ತು. ಒಳಗಿನ ದನಿ ಒಮ್ಮೆಲೆ ನಿಂತಿತು. ಆಮೇಲೆ ಇನ್ನೊಂದು ದನಿ ಬಂತು, ಸಣ್ಣದು, ಸಿಟ್ಟಿನದು, ಈ ಊರಿನಲ್ಲಿ ಅಲ್ಲಿಯತನಕ ಯಾರೂ ಕೇಳಿರದ್ದು.

ಅತ್ತೆಯವರು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಮಗಳನ್ನು ತಂದು ನನ್ನ ಕೈಯಲ್ಲಿಟ್ಟರು. ಶಾರದೆ ಹೇಗಿದ್ದಾಳೆಂದು ಕೇಳಿದೆ. “ಆರಾಮ ಅದಾಳ. ಒಳಗ ಬರ್ರಿ” ಎಂದರು. ಹೋಗಿ ಮಂಚದ ಪಕ್ಕ ನಿಂತೆ. ಶಾರದೆ ಸೋತು ಮಲಗಿದ್ದಳು, ಹಣೆಯ ಕೂದಲು ಒದ್ದೆ. ಅವಳನ್ನು ಏನೆಂದು ಹೊಗಳಬೇಕೋ ತಿಳಿಯಲಿಲ್ಲ. ನನಗೆ ಗೊತ್ತಿದ್ದ ದೊಡ್ಡ ಪದಗಳೆಲ್ಲ ಆ ಮಂಚದ ಮುಂದೆ ಗಿಡ್ಡವಾಗಿ ಕಂಡವು. ಕೂಸು ನನ್ನ ಮುಂಗೈ ಮೇಲೆ ಹಾಗೇ ನಿದ್ದೆ ಹೋಯಿತು. ಅಲುಗಿದರೆ ಎಚ್ಚರವಾದೀತೆಂದು ನಾನು ಕಂಬದಂತೆ ನಿಂತುಬಿಟ್ಟೆ. ಕೈ ಜೋಮು ಹಿಡಿಯಿತು.

“ಕೊಡ್ರಿ ಇತ್ತ, ತೊಟ್ಟಿಲಕ್ಕ ಹಾಕತೇನಿ,” ಎಂದರು ಅತ್ತೆಯವರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಮತ್ತೊಮ್ಮೆ ಕೇಳಿದಾಗ ನಾನೆಂದೆ, “ಇರಲಿ ಬಿಡ್ರಿ ಅತ್ತಿ, ಅಂಥಾ ಅವಸರೇನೈತಿ?”

ಶಾರದೆ ಕಣ್ಣು ತೆರೆಯದೆಯೇ ನಕ್ಕಳು. ಯಾಕೆಂದು ಕೇಳುವಷ್ಟು ದಡ್ಡ ನಾನಲ್ಲ.