ರಾಟೆ ಕಳಚಿದ ಬಿಲ್ಲು

ಹಳೆಯ ಸಾಮಾನು ಕೊಳ್ಳುವಾಗ ನಾನು ನೋಡುವುದು ಸಾಮಾನನ್ನಲ್ಲ, ಮಾರುವವನ ಮುಖವನ್ನು. ಮುಖ ಇಳಿದಷ್ಟೂ ಬೆಲೆ ಇಳಿಯುತ್ತದೆ. ಹೊಳಲ್ಕೆರೆಯಿಂದ ಬರಿಗೈಲಿ ಬಂದು ದುರ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು ನಾನು. ಈ ವಿದ್ಯೆಯನ್ನು ಕೇಳದವರಿಗೂ ಹೇಳಿಕೊಡುತ್ತೇನೆ.

ಮಗಳು ಸವಿತಾ ಹೈಸ್ಕೂಲಿನಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದಳು. ಅವಳ ಬಾಣ ಗುರಿ ಬಿಟ್ಟು ಪಕ್ಕದ ಬೇಲಿಗೇ ಹೋಗುತ್ತಿತ್ತು. ದೋಷ ಶಾಲೆಯ ಬಿಲ್ಲಿನದೆಂದು ನಾನು ತೀರ್ಪು ಕೊಟ್ಟಿದ್ದೆ. ಜಿಲ್ಲಾ ತಂಡದ ಆಯ್ಕೆಗೆ ತಿಂಗಳಷ್ಟೇ ಉಳಿದಿತ್ತು. ಅಲ್ಲಿಗೆ ಸ್ವಂತ ಬಿಲ್ಲು ಬೇಕು, ಅದೂ ರಾಟೆಯಿಲ್ಲದ ರಿಕರ್ವ್. ಹೊಸದರ ಬೆಲೆ ಕೇಳಿ ಇಳಿದದ್ದು ನನ್ನ ಮುಖ. ಕೊನೆಗೆ ಹಿರಿಯೂರಿನ ಗುಜರಿಯಲ್ಲಿ ಹಳೆಯ ಕಾಂಪೌಂಡ್ ಬಿಲ್ಲೊಂದು ಸಿಕ್ಕಿತು: ಎರಡು ತುದಿಗೂ ರಾಟೆ, ಮೈತುಂಬ ತಂತಿ. ಅವನ್ನು ಕಳಚಿದರೆ ರಿಕರ್ವ್ ಆಗುತ್ತದೆಂದು ಲೆಕ್ಕ ಹಾಕಿದೆ. ಚೌಕಾಸಿ ಮುಗಿದ ಮೇಲೆ ಅಂಗಡಿಯವನು, "ಹುಡುಗಿ ಯಾವ ಕೈಲಿ ಎಳೀತಾಳ್ರೀ?" ಎಂದ. ಬೆಲೆ ಏರಿಸುವ ಹೊಸ ಪಟ್ಟೆಂದುಕೊಂಡು, "ಅದೆಲ್ಲ ನಿಂಗ್ಯಾಕಪ್ಪ, ಕಟ್ಟಿಕೊಡು" ಎಂದೆ. ನಗುತ್ತಾ ಕಟ್ಟಿಕೊಟ್ಟ. ಮಾರುವವನು ನಕ್ಕರೆ ಅಲ್ಲೇ ನಿಂತು ಯೋಚಿಸಿ. ನಾನು ಬಸ್ ಹತ್ತಿಬಿಟ್ಟೆ.

ರಾಟೆ, ತಂತಿ, ಎರಡು ಕಡೆಯ ಬಾಗುವ ಗಿಡ್ಡ ತೋಳು ಕಳಚಿ ನಡುವಿನ ಲೋಹದ ಹಿಡಿಯನ್ನಷ್ಟೇ ಉಳಿಸಿಕೊಂಡೆ. ಹಿಡಿ ಮುರಿದ ರಿಕರ್ವ್ ಒಂದರ ಉದ್ದ ತೋಳುಗಳನ್ನು ಶಾಲೆಯಲ್ಲಿ ಬಿಲ್ಲುಗಾರಿಕೆ ಕಲಿಸುವ ಮೇಷ್ಟ್ರು ಕೊಟ್ಟರು. ಕೂರಿಸಿದರೆ ಅತಿಯಾಗಿ ಹಿಂದಕ್ಕೆ ವಾಲಿದವು. ಲೇತ್ ಅಂಗಡಿಯ ಬಸಣ್ಣ ತೇಗದ ಬೆಣೆಯಿಟ್ಟು ಓರೆ ಸರಿಮಾಡಿದ. ನೀವು ಮಾಡುವುದಾದರೂ ಬೆಣೆಯನ್ನೇ ಕೊರೆಯಿರಿ, ಹಿಡಿಯನ್ನು ಮುಟ್ಟಬೇಡಿ.

ನಮ್ಮ ಹಿತ್ತಲಲ್ಲಿ ಪರೀಕ್ಷೆ. ಸವಿತಾ ಬಲಗೈಲಿ ಬಿಲ್ಲಿನ ನಾರಿ ಎಳೆದಳು. ಬಾಣ ಜಾರಿ ಕಾಲಬಳಿ ಬಿತ್ತು. ಬಾಣ ಕೂರುವ ಜಾಗವೇ ಆಚೆ ಮಗ್ಗುಲಲ್ಲಿತ್ತು. ಬಸಣ್ಣ ತಿರುಗಿಸಿ ನೋಡಿ, "ಸಾವ್ಕಾರ್ರೇ, ಇದು ಎಡಚರ ಬಿಲ್ಲು ಐತಲ್ರೀ!" ಎಂದ. ಮಗಳ ಕಣ್ಣು ತುಂಬಿತು.

ಹೆಂಡತಿ ಗಿರಿಜಾ ಕೈ ಒರೆಸಿಕೊಳ್ಳುತ್ತಾ ಬಂದಳು. "ಎಡಗೈಲಿ ಉಣ್ಣಬ್ಯಾಡ, ಎಡಗೈಲಿ ಬರೀಬ್ಯಾಡ ಅಂತ ಗದರಿ ಗದರಿ ಮರ್ತೇಬಿಟ್ರಾ? ಅವಳು ಹುಟ್ಟಾ ಎಡಚಿ. ಎಳಿ ಮಗಳೇ, ನಿಮ್ಮಪ್ಪನ್ನ ನಾನು ನೋಡ್ಕಂತೀನಿ."

ಸವಿತಾ ನನ್ನ ಮುಖ ನೋಡಿದಳು. ತಲೆಯಾಡಿಸಿದೆ. ಎಡಗೈ ಕೆನ್ನೆಗೆ ಬಂತು, ಬಾಣ ಹುಲ್ಲಿನ ಮೂಟೆಯ ನಟ್ಟನಡುವೆ ನಿಂತಿತು.

ಉಳಿದ ದಿನಗಳೆಲ್ಲ ಅಭ್ಯಾಸ ಮಾಡಿ ತಂಡ ಸೇರಿದಳು. "ಎಡಗೈ ಬಿಲ್ಲನ್ನೇ ಹುಡುಕಿ ತಂದಿದ್ದೀರಲ್ರೀ!" ಎಂದು ಮೇಷ್ಟ್ರು ಮೆಚ್ಚಿದರು. ಮಕ್ಕಳ ಸ್ವಭಾವ ನೋಡಿಯೇ ಸಾಮಾನು ಕೊಳ್ಳಬೇಕೆಂದು ಅವರಿಗೂ ಉಪದೇಶಿಸಿದೆ. ಅಷ್ಟರಲ್ಲಿ ಸವಿತಾ ಆಯ್ಕೆಯ ಪತ್ರವನ್ನು ಎಡಗೈಲೇ ನನ್ನ ಮುಂದೆ ಚಾಚಿದಳು. 'ಬಲಗೈಲಿ ಕೊಡು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಎರಡೂ ಕೈಯಲ್ಲಿ ಈಸಿಕೊಂಡೆ.