ಮಾವನ ವಸಡು, ನನ್ನ ಗ್ರಹಚಾರ

ನಮ್ಮ ಮಾವನವರ ಬಾಯಲ್ಲಿರುವ ಹಲ್ಲುಗಳಿಗಿಂತ ಆ ಹಲ್ಲುಗಳಿಗೆ ಅವರು ಮಾಡಿಕೊಂಡ ಔಷಧಿಗಳೇ ಹೆಚ್ಚು. ಇದು ಸೊಸೆ ಹೊಟ್ಟೆಯುರಿಗೆ ಆಡುವ ಮಾತಲ್ಲ. ಎರಡನ್ನೂ ಎಣಿಸಿದವಳು ನಾನೇ. ಹಲ್ಲು ಇಪ್ಪತ್ತೊಂದು, ಔಷಧಿ ಇಪ್ಪತ್ತಾರು. ಹಲ್ಲು ಕಡಿಮೆಯಾಗುತ್ತ ಹೋದವು, ಔಷಧಿ ಹೆಚ್ಚುತ್ತ ಹೋದವು. ಎರಡಕ್ಕೂ ಏನಾದರೂ ಸಂಬಂಧ ಇರಬಹುದೇ ಎಂಬ ಅನುಮಾನ ಮನೆಯಲ್ಲಿ ಎಲ್ಲರಿಗೂ ಬಂತು, ಮಾವನವರೊಬ್ಬರನ್ನು ಬಿಟ್ಟು.

ಮಾವ ಎಂದರೆ ನನ್ನ ಗಂಡನ ತಂದೆ. ನೊಣವಿನಕೆರೆಯ ಹತ್ತಿರ ನಮ್ಮ ತೋಟ, ಮನೆ. ಮಾವನವರಿಗೆ ಅರವತ್ತನಾಲ್ಕು ವರ್ಷ, ಈಗಲೂ ಕಾಯಿ ಮೂಟೆಯನ್ನು ಒಬ್ಬರೇ ಹೆಗಲಿಗೆ ಏರಿಸಿಕೊಳ್ಳುತ್ತಾರೆ. ನಾನು ದಬ್ಬೇಘಟ್ಟದ ಕಡೆಯವಳು. ಮದುವೆಯಾಗಿ ಏಳು ವರ್ಷವಾಯಿತು. ಪಕ್ಕದ ಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಟೀಚರ್. ಒಂದನೇ ಕ್ಲಾಸಿಗೆ ಸೇರುವ ಮಕ್ಕಳಿಗೆ ಮೊದಲು ಕಲಿಸುವುದು ಅಕ್ಷರವನ್ನಲ್ಲ, ಹಲ್ಲುಜ್ಜುವುದನ್ನು. ಎಂಥೆಂಥ ಹಟಮಾರಿಗಳನ್ನು ದಾರಿಗೆ ತಂದಿದ್ದೇನೆ. ಅದೇ ಸೊಕ್ಕಿನಲ್ಲಿ ಮಾವನವರ ಬಾಯಿಗೆ ಕೈ ಹಾಕಿದೆ. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಒಂದು ಬೆಳಿಗ್ಗೆ ಅಟ್ಟದಿಂದ ಇಳಿಸಿದ ಕಾಯಿ ಸುಲಿದು, ಚಿಪ್ಪು ಒಡೆದು, ಕೊಬ್ಬರಿ ತೆಗೆಯುತ್ತಿದ್ದರು. ಪ್ರತಿ ಸಲವೂ ಒಂದು ಉಂಡೆ ಕೊಬ್ಬರಿಯನ್ನು ಕಚ್ಚಿ ರುಚಿ ನೋಡುವುದು ಮಾವನವರ ಅಭ್ಯಾಸ. ಅವತ್ತು ಕಚ್ಚಿದರು. ಬೆಳ್ಳಗಿನ ಕೊಬ್ಬರಿಯ ಮೇಲೆ ಕೆಂಪಗೆ ರಕ್ತ. ಅದನ್ನು ಲುಂಗಿಗೆ ಒರೆಸಿ, ಆ ಕಡೆ ಈ ಕಡೆ ನೋಡಿ, ಮತ್ತೆ ಕಚ್ಚಿದರು. ಮತ್ತೆ ರಕ್ತ.

"ಮಾವ, ವಸಡಿಂದ ರಕ್ತ ಬರ್ತಿದೆ" ಎಂದೆ.

"ವಸಡು ಚೆನ್ನಾಗೈತೆ ಕಣಮ್ಮ. ಈ ಸಲದ ಕೊಬ್ಬರಿ ವಸಿ ಒರಟು" ಎಂದರು.

ತೋಟದ ಕೊಬ್ಬರಿಯ ಮೇಲೆ ಜೀವನದಲ್ಲಿ ಒಂದು ಮಾತು ಬರಗೊಡದ ಮನುಷ್ಯ, ತಮ್ಮ ವಸಡಿನ ಮಾನ ಉಳಿಸಲು ಕೊಬ್ಬರಿಯ ಮಾನ ತೆಗೆದರು. ಪರಿಸ್ಥಿತಿ ಗಂಭೀರವಾಗಿದೆ ಎಂದು ನನಗೆ ಆಗಲೇ ಅರ್ಥವಾಗಬೇಕಿತ್ತು.

ತಿಪಟೂರಿನಲ್ಲಿ ಹಲ್ಲಿನ ಡಾಕ್ಟರು ಇದ್ದಾರೆ, ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೆ ಮಾವನವರ ಪ್ರಕಾರ ಡಾಕ್ಟರ ಬಳಿ ಹೋಗುವುದು ಸೋತವರು. ಮನೆಯಲ್ಲೇ ವಾಸಿ ಮಾಡಿಕೊಳ್ಳುತ್ತೇನೆಂದು ಶಪಥ ಮಾಡಿ ಮೊದಲು ಕರಟ ಸುಟ್ಟರು. ಇದ್ದಿಲನ್ನು ಕುಟ್ಟಿ, ಕಲ್ಲುಪ್ಪು ಬೆರೆಸಿ, ತೋರುಬೆರಳಿನಲ್ಲಿ ತಿಕ್ಕತೊಡಗಿದರು. ತಿಕ್ಕುವುದು ಎಂದರೆ ಹೇಗೆ? ಹಬ್ಬಕ್ಕೆ ಮುಂಚೆ ಹಿತ್ತಾಳೆ ದೀಪದ ಕಂಬವನ್ನು ತಿಕ್ಕುತ್ತಾರಲ್ಲ, ಹಾಗೆ. ಹಿತ್ತಿಲಿನಿಂದ ಬರುವ ಆ ಕರಕರ ಸದ್ದಿಗೆ ಅಡುಗೆಮನೆಯಲ್ಲಿ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ಆ ವಾರವೇ ಹಾಲ್ಕುರಿಕೆಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಮಾವ ಬೆಳಿಗ್ಗೆ ತಿಕ್ಕಿಕೊಂಡು, ಬಾಯಿ ಸರಿಯಾಗಿ ಮುಕ್ಕಳಿಸದೆ, ಬಿಳಿ ಪಂಚೆ ಬಿಳಿ ಶರಟು ಹಾಕಿಕೊಂಡು ಹೊರಟರು. ಸಂಜೆ ಎಲ್ಲರ ಮೊಬೈಲಿಗೂ ಫೋಟೋ ಬಂತು. ಮೂರು ಸಾಲು ಜನ, ಎಲ್ಲರೂ ನಗುತ್ತಿದ್ದಾರೆ. ನಡುವೆ ಮಾವನವರ ಮುಖದಲ್ಲಿ ಒಂದು ಕಪ್ಪು ಗುಹೆ. ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ, ನಿಮ್ಮ ಯಜಮಾನರಿಗೆ ಏನಾಯ್ತು ಎಂದು ಅತ್ತೆಯವರನ್ನು ಕೇಳತೊಡಗಿದರು. ಅತ್ತೆ ನಾಲ್ಕನೆಯವರ ತನಕ ವಿವರಿಸಿದರು. ಐದನೆಯವರಿಗೆ, "ಏನೂ ಇಲ್ಲ ಕಣ್ರೀ, ಬಾಯಿಗೆ ದೃಷ್ಟಿಬೊಟ್ಟು ಇಟ್ಕೊಂಡವ್ರೆ" ಎಂದು ಫೋನ್ ಇಟ್ಟರು.

ಕರಟ ಮುಗಿದ ಮೇಲೆ ಸೀಬೆ ಎಲೆ, ಜಾಲಿ ಚಕ್ಕೆ, ಲವಂಗ, ಅರಿಶಿನ, ಹೊಂಗೆ ಕಡ್ಡಿ. ಆಮೇಲೆ ಎಣ್ಣೆ. ಬಾಯಲ್ಲಿ ಎಣ್ಣೆ ತುಂಬಿಕೊಂಡು ಇಪ್ಪತ್ತು ನಿಮಿಷ ಮುಕ್ಕಳಿಸಿದರೆ ವಸಡು ಕಲ್ಲಾಗುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದರು. ಇಪ್ಪತ್ತು ನಿಮಿಷ ಪೇಟೆಯವರಿಗಂತೆ, ತೆಂಗು ಬೆಳೆಯುವ ನಮ್ಮಂಥವರಿಗೆ ನಲವತ್ತಾದರೂ ಬೇಡವೇ? ಹೀಗೆ ದಿನಾ ಬೆಳಿಗ್ಗೆ ನಲವತ್ತು ನಿಮಿಷ ಮನೆಯ ಯಜಮಾನರು ಮೂಕರಾದರು. ಮೂಕರಾದರೆ ನಾವು ನೆಮ್ಮದಿಯಾಗಿರಬೇಕಿತ್ತು. ಆದರೆ ಮನೆಯ ಹುಕುಮುಗಳೆಲ್ಲ ಹೊರಡುವುದು ಸರಿಯಾಗಿ ಅದೇ ನಲವತ್ತು ನಿಮಿಷದಲ್ಲಿ. ಕೆನ್ನೆ ಉಬ್ಬಿಸಿಕೊಂಡು "ಹ್ಞೂಂ ಹ್ಞೂಂ" ಎಂದರೆ ಮೋಟರು ಹಾಕಬೇಕು. "ಹ್ಞೂಂ" ಎಂದು ಎಳೆದರೆ ಆರಿಸಬೇಕು. ಅತ್ತೆಯವರು ಆ ಭಾಷೆಯನ್ನು ವಾರದಲ್ಲಿ ಕಲಿತರು. ನನಗೆ ಕೊನೆಗೂ ಬರಲಿಲ್ಲ.

ಕಾಯಿ ಕೀಳುವವನಿಗೂ ಬರಲಿಲ್ಲ. ಒಂದು ಬೆಳಿಗ್ಗೆ ಅವನು ಬಂದು, "ಅಣ್ಣ, ಬಾವಿ ಸಾಲು ಕೀಳ್ಲಾ, ಬೇಲಿ ಸಾಲು ಕೀಳ್ಲಾ?" ಎಂದು ಕೇಳಿದ. ಬಾವಿಯ ಸಾಲಿನಲ್ಲಿ ಕಾಯಿ ಬಲಿತಿದ್ದವು, ಬೇಲಿಯ ಸಾಲಿನಲ್ಲಿ ಇನ್ನೂ ಎಳಸು. ಮಾವ ಬಾವಿಯ ಕಡೆ ಕತ್ತು ತಿರುಗಿಸಿ, ಬೇಲಿಯ ಕಡೆ ಕೈ ಆಡಿಸಿ, ಅದು ಬೇಡ ಎಂಬ ಅರ್ಥದಲ್ಲಿ "ಹ್ಞೂಂ ಹ್ಞೂಂ ಹ್ಞೂಂ" ಎಂದರು. ಅವನು ಕೈ ಆಡಿದ ಕಡೆ ಹೊರಟ. ಮಾವ ಕೆನ್ನೆ ಉಬ್ಬಿಸಿಕೊಂಡೇ ಹಿಂದೆ ಓಡಿದರು, ಎರಡೂ ಕೈ ಬೀಸಿದರು, ನೆಲಕ್ಕೆ ಕಾಲು ಅಪ್ಪಳಿಸಿದರು. ಯಜಮಾನರು ಹುರುಪು ತುಂಬುತ್ತಿದ್ದಾರೆಂದು ಅವನು ಇನ್ನೂ ಬೇಗ ಬೇಗ ಕೆಡವಿದ. ಎಂಟು ಮರ ಬರಿದಾದವು.

"ಎಣ್ಣೆ ಉಗಿದು ಒಂದು ಕೂಗು ಹಾಕಬಾರದಿತ್ತಾ, ಮಾವ?" ಎಂದು ಕೇಳಿದೆ.

"ಇನ್ನೂ ಮೂರು ನಿಮಿಷ ಇತ್ತು ಕಣಮ್ಮ" ಎಂದರು.

ಆ ವಾರವಿಡೀ ನಾವು ಎಳನೀರು ಕುಡಿದೆವು. ಬಂದವರಿಗೂ ಕಾಫಿಯ ಬದಲು ಎಳನೀರು. ಹಸುವಿಗೂ ಎಳನೀರು. ವಸಡು ಮಾತ್ರ ಹಾಗೆಯೇ ಇತ್ತು.

ಈಗ ಶಿಕ್ಷಣದಿಂದಲೇ ಉದ್ಧಾರ ಎಂದು ನಿರ್ಧರಿಸಿ, ಹೆಡ್‌ಮಾಸ್ಟರ ಒಪ್ಪಿಗೆ ಪಡೆದು, ಶಾಲೆಯಲ್ಲಿರುವ ದೊಡ್ಡ ಹಲ್ಲುಸೆಟ್ಟಿನ ಮಾದರಿಯನ್ನು ಚೀಲದಲ್ಲಿಟ್ಟುಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಅಜ್ಜಿ ಚೀಲದೊಳಗೆ ಇಣುಕಿ, ಬೇರೆ ಸೀಟಿಗೆ ಹೋಗಿ ಕೂತಿತು. ಮನೆಯ ಜಗುಲಿಯ ಮೇಲೆ ಮಾವನವರನ್ನು ಕೂರಿಸಿ ಪಾಠ ಮಾಡಿದೆ. ಮೆತ್ತನೆ ಬ್ರಶ್ ಹಿಡಿಯಬೇಕು. ಹಲ್ಲು ವಸಡು ಕೂಡುವ ಕಡೆ ಓರೆಯಾಗಿ ಇಟ್ಟು, ಸಣ್ಣಗೆ ಸುತ್ತಿಸಬೇಕು. ಎರಡು ನಿಮಿಷ ಸಾಕು, ಬೆಳಿಗ್ಗೆ ಒಂದು ಸಲ, ಮಲಗುವಾಗ ಒಂದು ಸಲ. ಬಲ ಹಾಕಬಾರದು. ಮಾವ ಅಲುಗಾಡದೆ ಕೇಳಿದರು. ಇಂಥ ವಿದ್ಯಾರ್ಥಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಕೊನೆಗೆ ಮಾದರಿಯ ವಸಡನ್ನು ಬೆರಳಿನಿಂದ ಒತ್ತಿ ನೋಡಿ, "ಇದು ಎಷ್ಟು ಗಟ್ಟಿಯಾಗೈತೆ. ಏನಮ್ಮ ಹಚ್ತಾರೆ ಇದಕ್ಕೆ?" ಎಂದರು.

"ಪೇಂಟು, ಮಾವ."

ನಾನು ಕೊಡಿಸಿದ ಮೆತ್ತನೆ ಬ್ರಶ್ಶನ್ನು ಒಂದು ದಿನ ಉಪಯೋಗಿಸಿ, "ಇದರಲ್ಲಿ ಹಲ್ಲುಜ್ಜಕ್ಕಾಯ್ತದಾ? ಮುದ್ದು ಮಾಡ್ದಂಗಾಯ್ತದೆ" ಎಂದರು. ಮರುದಿನದಿಂದ ಅದು ಅವರ ಮೀಸೆಗೆ ಬಣ್ಣ ಹಚ್ಚುವ ಕೆಲಸಕ್ಕೆ ವರ್ಗವಾಯಿತು. ಹಲ್ಲಿಗೆ ಮತ್ತೆ ಉಪ್ಪು ಮತ್ತು ಬೆರಳು.

ನನ್ನನ್ನು ಮಾತ್ರ ಕೆಲಸದಿಂದ ತೆಗೆಯಲಿಲ್ಲ. ದಿನಾ ಸಂಜೆ ಜಗುಲಿಯಲ್ಲಿ ಮೊಬೈಲಿನ ಟಾರ್ಚ್ ಹಾಕಿ ಅವರ ಬಾಯೊಳಗೆ ನೋಡಿ ವರದಿ ಕೊಡಬೇಕು.

"ಯಾವ ಬಣ್ಣ ಐತಮ್ಮ?"

"ಕೆಂಪು, ಮಾವ."

"ನೆನ್ನೆಗಿಂತ?"

"ನೆನ್ನೆಗಿಂತ ಕೆಂಪು."

"ಹಂಗಾದ್ರೆ ಔಷಧಿ ಕೆಲಸ ಮಾಡ್ತೈತೆ. ಒಳಗಿನ ಕೆಟ್ಟದ್ದೆಲ್ಲ ಹೊರಕ್ಕೆ ಬತ್ತೈತೆ."

ಇಂಥವರಿಗೆ ಏನು ಹೇಳುತ್ತೀರಿ? ನನ್ನ ಗಂಡನ ಹತ್ತಿರ ಅಳಲು ತೋಡಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, "ನೀನು ಟೀಚರು. ನೀನೇ ಹೇಳು" ಎಂದರು. ನಾನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು, ಅವರ ಬಾಯಿ ಊದುತ್ತಿತ್ತು. ಕೆಳಗಿನ ಮುಂದಿನ ಹಲ್ಲೊಂದು ಮಾತಾಡುವಾಗ ಒಳಗೂ ಹೊರಗೂ ಓಡಾಡತೊಡಗಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಎದ್ದು ಬಾಯಿ ತೊಳೆದುಕೊಂಡವರು ಬಾಯಿಗೆ ಬೆರಳು ಹಾಕಿ ತಡವಿದರು. ಆ ಹಲ್ಲು ಇಲ್ಲ. ತಟ್ಟೆಯಲ್ಲಿ ಹುಡುಕಿದೆವು, ಸಾರಿನ ಬಟ್ಟಲಿನಲ್ಲಿ ಹುಡುಕಿದೆವು, ನೆಲವನ್ನು ಗುಡಿಸಿ ನೋಡಿದೆವು.

ಅತ್ತೆ ಸೌಟು ಕೆಳಗಿಟ್ಟು, "ಹುಡುಕ್ಬೇಡಿ ಬುಡಿ. ಮುದ್ದೆ ಜೊತೆ ಒಳಗೋಗೈತೆ" ಎಂದರು.

ಅಗಿಯದೆ ನುಂಗುವ ಊಟ ನಮ್ಮದು. ಹಲ್ಲೂ ಹಾಗೆಯೇ ಹೋಯಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮಾವ ಕಂಬಕ್ಕೆ ಒರಗಿ ಕೂತು ನಾಲಿಗೆಯಿಂದ ಆ ಖಾಲಿ ಜಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎಂಟು ತಿಂಗಳ ನನ್ನ ಪಾಠ, ಟಾರ್ಚು, ಬ್ರಶ್ಶು ಎಲ್ಲ ಆ ಸಂದಿಯಲ್ಲಿ ಹೋಗಿದ್ದವು. ಅವತ್ತು ಸಂಜೆ ಅವರು ಕರೆದಾಗ ನಾನು ಟಾರ್ಚ್ ತರಲಿಲ್ಲ. "ನೋಡಿ ಏನು ಪ್ರಯೋಜನ, ಮಾವ?" ಎಂದು ಒಳಗೆ ಹೋದೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತು.

ಎರಡು ದಿನ ಮನೆಯಲ್ಲಿ ಕರಕರ ಸದ್ದಿಲ್ಲ. ಮೂರನೆಯ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಮಾವ ಇಸ್ತ್ರಿ ಶರಟು ಹಾಕಿಕೊಂಡು ಜಗುಲಿಯಲ್ಲಿ ನಿಂತಿದ್ದರು.

"ಇವತ್ತು ರಜಾ ಹಾಕಮ್ಮ. ತಿಪ್ಟೂರಿಗೆ ಹೋಗನ. ಹಲ್ಲಿನ ಡಾಕ್ಟ್ರ ತಾವ."

ಗೆದ್ದೆ ಎಂದುಕೊಂಡೆ. ಬಸ್ಸಿನಲ್ಲಿ ಕೂತು, ಕಡೆಗೂ ನನ್ನ ಯಾವ ಮಾತು ಅವರಿಗೆ ನಾಟಿರಬಹುದು ಎಂದು ಲೆಕ್ಕ ಹಾಕುತ್ತ ಹೋದೆ. ಹಲ್ಲುಸೆಟ್ಟಿನ ಪಾಠವೇ ಇರಬೇಕು. ಮುಂದಿನ ವರ್ಷದಿಂದ ಅದನ್ನು ಪೋಷಕರ ಸಭೆಯಲ್ಲೂ ಮಾಡಬೇಕು ಎಂದೂ ತೀರ್ಮಾನಿಸಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ ತೋರಿಸಿ, "ಬನ್ನಿ, ಕೂತ್ಕೊಳ್ಳಿ ಯಜಮಾನ್ರೇ" ಎಂದರು. ಮಾವ ಕೂರಲಿಲ್ಲ. ಪಕ್ಕಕ್ಕೆ ಸರಿದು ನನ್ನ ಕಡೆ ಕೈ ತೋರಿಸಿದರು.

"ನಂದು ಆಮ್ಯಾಕೆ. ಮೊದ್ಲು ಈಯಮ್ಮನ್ನ ನೋಡಿ. ಬೆಳಿಗ್ಗೆ ನಲ್ಲಿ ತಾವ ಉಗುಳ್ವಾಗ ರಕ್ತ ಬತ್ತೈತೆ. ನೀರು ಬುಟ್ಟು ತೊಳೆದಾಕ್ಬುಡ್ತಾಳೆ. ಯಾರಿಗೂ ಹೇಳಾಕಿಲ್ಲ."

ಈ ವಿಷಯವನ್ನು ಇಷ್ಟು ಹೊತ್ತು ನಿಮಗೂ ನಾನು ಹೇಳಿರಲಿಲ್ಲ. ಹೇಗೆ ಹೇಳಲಿ? ಊರ ಮಕ್ಕಳಿಗೆಲ್ಲ ಹಲ್ಲುಜ್ಜಲು ಕಲಿಸುವವಳು ನಾನು. ಬೆಳಿಗ್ಗೆ ಬಸ್ಸಿನ ಆತುರದಲ್ಲಿ ಬಾಯಲ್ಲಿ ಬ್ರಶ್ ಆಡಿಸಿದಂತೆ ಮಾಡಿ ಓಡುತ್ತಿದ್ದೆ, ಮಲಗುವಾಗ ಅದೂ ಇಲ್ಲ. ಒಂದು ವರ್ಷದಿಂದ ರಕ್ತ ಬರುತ್ತಿತ್ತು. ಗಂಡನಿಗೂ ಹೇಳಿರಲಿಲ್ಲ.

"ನಮ್ಮವ್ವಂಗೂ ಹಿಂಗೇ ಆಗಿತ್ತು ಡಾಕ್ಟ್ರೇ" ಎಂದು ಮಾವ ಮುಂದುವರಿಸಿದರು. "ನಲವತ್ತು ತುಂಬೋದ್ರೊಳಗೆ ಬಾಯಿ ಬೋಳಾಯ್ತು. ನಾವ್ಯಾರೂ ಏನವ್ವ ಅಂತ ಕೇಳ್ನಿಲ್ಲ. ನನ್ನ ಬಾಯಲ್ಲಿ ಯಾವ್ದಾದ್ರೂ ಒಂದು ಔಷಧಿ ಹಿಡಿದ್ರೆ ಈಯಮ್ಮಂಗೂ ಅದನ್ನೇ ಕೊಡನ ಅಂತ ನೋಡ್ದೆ. ಒಂದೂ ಹಿಡೀಲಿಲ್ಲ."

ನಾನು ಕುರ್ಚಿಯಲ್ಲಿ ಕೂತೆ. ಬಾಯಿ ತೆರೆಯಲು ಹೇಳಿದರು, ತೆರೆದೆ. ಡಾಕ್ಟರು ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕಟ್ಟಿದ್ದ ಪಾಚಿಯನ್ನು ತೆಗೆಯುತ್ತಿದ್ದಾಗ ನನ್ನ ಕಣ್ಣಿಂದ ನೀರು ಇಳಿಯಿತು. "ನೋವಾಗ್ತಿದ್ಯಾ?" ಎಂದು ಕೇಳಿದರು. ತಲೆ ಆಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನೆನಪಿಲ್ಲ.

ನನ್ನ ಹಲ್ಲು ಯಾವುದೂ ಹೋಗಲಿಲ್ಲ. ಮಾವನವರದು ಇನ್ನೆರಡು ಹೋದವು. ಉಳಿದವು, ಉಪ್ಪು ಇದ್ದಿಲು ಮುಟ್ಟಿಸದೆ ಮೆತ್ತಗೆ ಉಜ್ಜಿಕೊಂಡು, ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ನಿಲ್ಲುತ್ತವೆ ಎಂದು ಡಾಕ್ಟರು ಹೇಳಿದರು. ಈಗ ಬೆಳಿಗ್ಗೆ ನಾವಿಬ್ಬರೂ ಹಿತ್ತಿಲ ನಲ್ಲಿಯ ಹತ್ತಿರ ನಿಂತು ಎರಡು ನಿಮಿಷ ಉಜ್ಜುತ್ತೇವೆ. ಉಗಿದ ಮೇಲೆ ಮಾವ ಬಗ್ಗಿ ಮೊದಲು ನನ್ನದನ್ನು ನೋಡುತ್ತಾರೆ. ಬಿಳಿ ಇದ್ದರೆ ಟವಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಡುತ್ತಾರೆ.